ಹನ್ನೆರಡು ವರ್ಷ ಗಾಳ ಬೀಳದ ಹೊಂಡದಲ್ಲಿ ನಾಲ್ಕು ದಿನ

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳದಾರಿ ಹಿಡಿದರೆ ಒಂದು ತೆಂಗಿನ ತೋಟ. ತೋಟದ ತಗ್ಗಿನಲ್ಲಿ ಎರಡು ಎಕರೆಯಷ್ಟು ಅಗಲದ ಮಣ್ಣಿನ ಹೊಂಡ. ಮಳೆನೀರು ಹಿಡಿಯಲೆಂದು ತೋಡಿಸಿದ್ದು, ಆಮೇಲೆ ಮೀನು ಬಿಟ್ಟದ್ದು, ಆಮೇಲೆ ಮರೆತದ್ದು. ಹನ್ನೆರಡು ವರ್ಷದಿಂದ ಅದಕ್ಕೆ ಬಲೆಯೂ ಬಿದ್ದಿಲ್ಲ, ಗಾಳವೂ ಬಿದ್ದಿಲ್ಲ. ಮಾರ್ಚ್ ಎರಡನೇ ವಾರ ಗುರುವಾರದಿಂದ ಭಾನುವಾರದವರೆಗೆ ಅಲ್ಲಿ ಕೊರವ ಮೀನು ಹಿಡಿಯಲು ಅನುಮತಿ ಸಿಕ್ಕಿತು.

ಅಮೆರಿಕದವರು ಇಂಥ ಹೊಂಡಗಳಲ್ಲಿ ಬಾಸ್ ಹಿಡಿಯುತ್ತಾರೆ. ಅದು ಉತ್ತರ ಅಮೆರಿಕದ ಮೀನು. ನಮ್ಮ ಕೆರೆ ಹೊಂಡಗಳಲ್ಲಿ ಆ ಜಾಗದಲ್ಲಿ ಕೂತಿರುವುದು ಕೊರವ. ಕೆಲವು ಕಡೆ ಕುಚ್ಚು ಅಂತಾರೆ, ಮೀನುಗಾರಿಕೆ ಇಲಾಖೆಯ ಕಾಗದದಲ್ಲಿ ಮರ್ರೆಲ್. ಜೊಂಡಿನ ಸಂದಿಯಲ್ಲಿ ಅಲುಗದೆ ಹೊಂಚು ಹಾಕಿ, ಹತ್ತಿರ ಬಂದ ಕಪ್ಪೆಯನ್ನೋ ಮೀನನ್ನೋ ಒಂದೇ ನುಗ್ಗಿಗೆ ಹಿಡಿಯುವ ಮೀನು. ಬಾಸ್‌ಗೆಂದು ಹುಟ್ಟಿದ, ಗಾಳ ಜೋಡಿಸಿದ ಟೊಳ್ಳು ರಬ್ಬರ್ ಕಪ್ಪೆ ಕೊರವಕ್ಕೂ ನಡೆಯುತ್ತದೆ. ಆದರೆ ಹಿಡಿಯುವ ರೀತಿ ಅದೇ ಅಲ್ಲ, ಅದನ್ನು ಶುಕ್ರವಾರದ ಲೆಕ್ಕದಲ್ಲಿ ಹೇಳುತ್ತೇವೆ.

ಮಾರ್ಚ್ ಆರಿಸಿಕೊಳ್ಳಲು ಕಾರಣವಿದೆ. ಚಳಿ ಹೋಗಿ ನೀರು ಬೆಚ್ಚಗಾಗಿರುತ್ತದೆ, ಮೀನು ಚುರುಕಾಗಿರುತ್ತದೆ, ನೀರು ಇಳಿದು ಅಂಚಿನ ಮರೆಗಳೆಲ್ಲ ಕಣ್ಣಿಗೆ ಕಾಣುತ್ತವೆ. ಮುಖ್ಯವಾಗಿ, ಕೊರವ ಮರಿ ಮಾಡುವುದು ಮಳೆಗಾಲದಲ್ಲಿ. ಮರಿಗಳು ಕೇಸರಿ ಬಣ್ಣದ ಉಂಡೆಯಂತೆ ನೀರಿನ ಮೇಲೆ ಗುಂಪುಗಟ್ಟಿ ಆಡುವಾಗ ತಾಯಿ ತಂದೆ ಎರಡೂ ಕೆಳಗೆ ಕಾವಲಿರುತ್ತವೆ. ಆಗ ಏನು ಎಸೆದರೂ ನುಗ್ಗಿ ಬಾಯಿ ಹಾಕುತ್ತವೆ. ಹಾಗೆ ಹಿಡಿದರೆ ಆ ಇಡೀ ಉಂಡೆಯನ್ನು ಜಿಲೇಬಿ ಮೀನು (ತಿಲಾಪಿಯಾ), ಬೆಳ್ಳಕ್ಕಿಗಳು ಒಂದೇ ದಿನದಲ್ಲಿ ಮುಗಿಸುತ್ತವೆ. ಮರಿ ಉಂಡೆಯ ಮೇಲೆ ಗಾಳ ಎಸೆಯಬಾರದು, ಯಾವ ಹೊಂಡದಲ್ಲೂ.

ಗುರುವಾರ

ಈ ದಿನ ಒಂದು ಗಾಳವೂ ನೀರಿಗೆ ಬೀಳಲಿಲ್ಲ, ಬೀಳಿಸಬಾರದು ಅಂತಲೇ ಬಂದದ್ದು. ಬಹುಕಾಲ ಯಾರೂ ಗಾಳ ಹಾಕದ ನೀರಿನಲ್ಲಿ ಮೊದಲ ಐವತ್ತು ಎಸೆತಕ್ಕೆ ಇರುವ ಬೆಲೆ ಮುಂದಿನ ಐನೂರಕ್ಕೆ ಇರುವುದಿಲ್ಲ. ಮೀನಿಗೆ ರಬ್ಬರ್ ಕಪ್ಪೆ ಏನೆಂದು ಗೊತ್ತಿಲ್ಲದ ಆ ಹೊತ್ತಿನಲ್ಲಿ, ಹೊಂಡದಲ್ಲಿ ಯಾವ ಅಳತೆಯ ಮೀನು ಎಲ್ಲಿ ಎಷ್ಟಿದೆ ಎಂಬುದು ಇದ್ದದ್ದು ಇದ್ದ ಹಾಗೆ ಹೊರಗೆ ಬರುತ್ತದೆ. ಎಲ್ಲೆಂದರಲ್ಲಿ ಎಸೆದು ಆ ಲೆಕ್ಕ ಕಲಸಿಬಿಟ್ಟರೆ ಮತ್ತೆ ಸಿಗದು. ದಡಕ್ಕೆ ಬಂದ ತಕ್ಷಣ ರಾಡ್ ಜೋಡಿಸಿ ಓಡುವವರು ಕಳೆದುಕೊಳ್ಳುವುದು ಇದನ್ನೇ.

ಮೊದಲು ನೀರು ಯಾರದ್ದೆಂದು ಖಾತ್ರಿ ಮಾಡಿಕೊಳ್ಳಬೇಕು. ಕೆರೆಯಾದರೆ ಮೀನಿನ ಹಕ್ಕು ಗ್ರಾಮ ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳದೆ ಗಾಳ ಹಾಕುವ ಹಾಗಿಲ್ಲ. ಇದು ಸ್ವಂತ ಜಮೀನಿನೊಳಗಿನ ಹೊಂಡವಾದ್ದರಿಂದ ಮಾಲೀಕರ ಮಾತು ಸಾಕು. ಅವರು ಕೇಳಿದ್ದು ಒಂದೇ: ಹೊಂಡದಲ್ಲಿ ಏನಿದೆ, ಏನು ಮಾಡಬೇಕು, ಬರೆದುಕೊಡಿ.

ಹಳೆಯ ಸಂಗತಿ ತೋಟ ನೋಡಿಕೊಳ್ಳುವ ಅಜ್ಜ ಹೇಳಿದರು. ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟಿದ್ದು ಅವರ ಕೈಯಿಂದಲೇ. "ಕೊರವ ಯಾರು ಬಿಟ್ರು ತಾತ?" ಅಂದರೆ, "ಯಾರೂ ಬಿಡ್ಲಿಲ್ಲ ಸ್ವಾಮಿ, ಕೋಡಿ ಬಿದ್ದಾಗ ತಾವೇ ಹತ್ಕಂಡ್ ಬಂದ್ವು" ಅಂದರು. ಅದು ಸರಿಯಾದ ಮಾತು. ಕೊರವಕ್ಕೆ ಕಿವಿರಿನ ಮೇಲ್ಗಡೆ ಗಾಳಿ ಉಸಿರಾಡುವ ಅಂಗವಿದೆ. ಮೈಗೆ ಲೋಳೆ ಇದೆ. ಜೋರು ಮಳೆಯಲ್ಲಿ ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಈ ಹೊಂಡದ ಕೋಡಿ ನೀರು ಹಳ್ಳ ಸೇರಿ ಅರ್ಕಾವತಿ ಕಡೆ ಹರಿಯುತ್ತದೆ. ಅದೇ ದಾರಿಯಲ್ಲಿ ಬಂದಿವೆ.

ಕಾಟ್ಲಾ, ರೋಹುಗಳ ಕಥೆ ಬೇರೆ. ಅವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಮಳೆಗಾಲದ ಹರಿವ ಹೊಳೆ ಬೇಕು. ಹಾಗಾಗಿ ಹನ್ನೆರಡು ವರ್ಷದ ಹಿಂದೆ ಬಿಟ್ಟವುಗಳಲ್ಲಿ ಉಳಿದಿದ್ದರೆ ಅವು ಮುದಿ ಮೀನು, ಎಣಿಕೆಗೆ ಸಿಗುವಷ್ಟೇ. ಗೆಂಡೆ ಹಾಗಲ್ಲ, ಅಂಚಿನ ಗಿಡಕ್ಕೆ ಮೊಟ್ಟೆ ಅಂಟಿಸಿ ಹೊಂಡದಲ್ಲೇ ಹೆಚ್ಚುತ್ತದೆ.

ಆಳ ನೋಡಲು ಬೇಕಾದ್ದು ಒಂದು ಹಗ್ಗ, ಅರ್ಧ ಕಿಲೋ ಕಲ್ಲು, ಅರ್ಧ ಮೀಟರಿಗೊಂದು ಗಂಟು. ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡು ಒಬ್ಬರು ಅಡ್ಡಡ್ಡ ಹೋಗಿ ಬಂದರು, ದಡದಲ್ಲಿ ಇನ್ನೊಬ್ಬರು ಟ್ಯೂಬಿಗೆ ಕಟ್ಟಿದ ಹಗ್ಗ ಹಿಡಿದಿದ್ದರು. ಪೂರ್ವಕ್ಕೆ ಏರಿ, ಅದರ ಬುಡದಲ್ಲಿ ಮೂರೂವರೆ ಮೀಟರ್ ಆಳ. ಪಶ್ಚಿಮಕ್ಕೆ ನೀರು ಬರುವ ಕಡೆ ಅರ್ಧ ಮೀಟರಿಗಿಂತ ಕಡಿಮೆ, ಅದರ ಕೆಳಗೆ ಮೊಳಕಾಲುದ್ದ ಹೂಳು. ಕಲ್ಲು ನೆಲ ಮುಟ್ಟಿದಾಗ ಹಗ್ಗ ಟಕ್ ಅಂದರೆ ಗಟ್ಟಿ ತಳ. ಮೆತ್ತಗೆ ಇಳಿಯುತ್ತಲೇ ಹೋಗಿ, ಎಳೆದಾಗ ಅಂಟಿದಂತಾದರೆ ಹೂಳು. ಅಂಥಲ್ಲಿ ಕಾಲಿಡಬಾರದು. ಬಿದಿರಿನ ಕೋಲು ಚುಚ್ಚಿ ನೋಡದೆ ಒಂದು ಹೆಜ್ಜೆಯೂ ಇಡಬಾರದು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಾದರೆ ಅಪಾಯ ಇನ್ನೂ ಹೆಚ್ಚು: ಹಾಳೆಯ ಮೇಲೆ ಪಾಚಿ ಕಟ್ಟಿ ಜಾರುತ್ತದೆ, ಈಜು ಬಲ್ಲವರೂ ಹತ್ತಿ ಬರಲಾರರು. ಅಲ್ಲಿ ದಡದ ಮರಕ್ಕೆ ಗಂಟು ಹಾಕಿದ ಹಗ್ಗ ನೀರೊಳಗೆ ಬಿಟ್ಟೇ ಕೆಲಸ ಶುರು ಮಾಡಬೇಕು.

ತಟ್ಟೆ ಗಾತ್ರದ ಕಪ್ಪು ಬಿಳಿ ಬಿಲ್ಲೆಯನ್ನು ನೀರಿಗಿಳಿಸಿ ಅದು ಕಣ್ಣಿಗೆ ಮರೆಯಾಗುವ ಆಳ ನೋಡಿದೆವು: ಏರಿ ಕಡೆ 35 ಸೆಂಟಿಮೀಟರ್. ಹಸಿರು ಛಾಯೆ, ಕೆಟ್ಟ ವಾಸನೆ ಇಲ್ಲ. ಮೀನಿನ ಹೊಂಡಕ್ಕೆ 30ರಿಂದ 40 ಒಳ್ಳೆಯ ಅಳತೆ.

ಸಂಜೆ ನಾಲ್ಕರಿಂದ ಆರೂವರೆವರೆಗೆ ಮಾಡಿದ್ದು ಉಸಿರಿನ ಎಣಿಕೆ. ಕೊರವ ಕೆಲವು ನಿಮಿಷಕ್ಕೊಮ್ಮೆ ಗಾಳಿಗೆ ಮೇಲೆ ಬರಲೇಬೇಕು. ಗೆಂಡೆ ಹೊರಳಿದರೆ ನೀರು ಅಗಲವಾಗಿ ಕದಡುತ್ತದೆ, ಜಿಲೇಬಿ ಬಂದರೆ ಸಣ್ಣ ಚಿಟಿಕೆಯಂಥ ಸದ್ದು. ಕೊರವ ಬಂದರೆ ಮೂತಿಯ ತುದಿ ಮಾತ್ರ ಕಾಣುತ್ತದೆ, 'ಗುಳುಕ್' ಎಂದು ಒಂದೇ ಸದ್ದು, ಚಿಕ್ಕ ಸುಳಿ, ಹಿಂದೆಯೇ ಎರಡು ಮೂರು ಗುಳ್ಳೆ. ಒಮ್ಮೆ ಗುರುತಾದರೆ ಕಣ್ಣು ಮುಚ್ಚಿಯೂ ಹೇಳಬಹುದು. ಹೊಂಡವನ್ನು ಕೋಡಿ ಮೂಲೆಯಿಂದ ಸುತ್ತಲೂ ಎಂಟು ಭಾಗ ಮಾಡಿ ಕಾಗದದಲ್ಲಿ ನಕ್ಷೆ ಬರೆದು, ಯಾವ ಭಾಗದಲ್ಲಿ ಎಷ್ಟು ಉಸಿರು ಎಂದು ಗೆರೆ ಹಾಕಿದೆವು. ದಕ್ಷಿಣದ ಅಂತರಗಂಗೆ ಅಂಚು (2 ಮತ್ತು 3), ಪಶ್ಚಿಮದ ಜೊಂಡು, ನೈದಿಲೆ (4 ಮತ್ತು 5), ಉತ್ತರದಲ್ಲಿ ನೀರಿಗೆ ಉರುಳಿಬಿದ್ದ ಜಾಲಿಮರದ ಸುತ್ತ (6 ಮತ್ತು 7) ಗೆರೆಗಳು ದಟ್ಟವಾಗಿ ಬಿದ್ದವು. ಏರಿ (8), ಕೋಡಿ (1) ಕಡೆ ಬೆರಳೆಣಿಕೆ. ತೀರ್ಮಾನ: 2, 3, 4 ಶುಕ್ರವಾರಕ್ಕೆ, 5, 6, 7 ಭಾನುವಾರದವರೆಗೆ ಮುಟ್ಟುವುದಿಲ್ಲ. 8 ಮತ್ತು 1 ಗೆಂಡೆಗೆ.

ಶುಕ್ರವಾರ

ಐದೂಮುಕ್ಕಾಲಿಗೆ ದಡ ಸೇರಿದಾಗ ಕೋಡಿ ಮೂಲೆಯಲ್ಲಿ ಮೂರು ದೊಡ್ಡ ತಲೆ ನೀರಿನ ಮೇಲೆ ಬಾಯಿ ತೆರೆದುಕೊಂಡು ಓಡಾಡುತ್ತಿದ್ದವು. ಮೇಲಕ್ಕೆ ತಿರುಗಿದ ಅಗಲ ಬಾಯಿ, ಕಾಟ್ಲಾ. ರಾತ್ರಿಯೆಲ್ಲ ಗಿಡ, ಪಾಚಿ, ಮೀನು ಎಲ್ಲವೂ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತವೆ, ಬೆಳಕಿಲ್ಲದೆ ಹೊಸದು ಹುಟ್ಟುವುದಿಲ್ಲ. ಹಾಗಾಗಿ ಸೂರ್ಯ ಹುಟ್ಟುವ ಮೊದಲಿನ ಹೊತ್ತೇ ಅತಿ ಕೊರತೆಯ ಹೊತ್ತು. ಕೊರವಕ್ಕೆ ಇದರ ಬಾಧೆ ಇಲ್ಲ, ಅದು ಮೇಲಿನ ಗಾಳಿ ಕುಡಿಯುತ್ತದೆ. ಕಾಟ್ಲಾ ಏದುಸಿರು ಬಿಡುವ ಗಳಿಗೆಯಲ್ಲೇ ಕೊರವ ಬೇಟೆಗೆ ನಿಂತಿರುತ್ತದೆ.

ಸಲಕರಣೆ: ಏಳಡಿಯ ಗಟ್ಟಿ ರಾಡ್, ತುದಿ ಮಾತ್ರ ಬಾಗುವಂಥದ್ದು. ರೀಲ್ ಯಾವುದಾದರೂ ಸರಿ, ಹಿಡಿತ ಬಲವಾಗಿರಬೇಕು. ಸ್ಪಿನ್ನಿಂಗ್ ರೀಲಾದರೆ 3000 ಅಥವಾ 4000 ಗಾತ್ರ. ದಾರ 50 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ. ಟಂಗೂಸಿ ದಾರ ಇಲ್ಲಿ ಬೇಡ: ಅದು ಎಳೆದಾಗ ರಬ್ಬರಿನಂತೆ ಹಿಗ್ಗುತ್ತದೆ, ಇಪ್ಪತ್ತು ಮೀಟರ್ ದೂರದಲ್ಲಿ ಗಾಳ ಚುಚ್ಚುವ ಬಲ ದಾರದಲ್ಲೇ ಕರಗಿಹೋಗುತ್ತದೆ, ಜೊಂಡನ್ನು ಕೊಯ್ಯುವುದೂ ಇಲ್ಲ. ಬ್ರೇಡ್ ಜೊಂಡನ್ನು ಗರಗಸದಂತೆ ಕೊಯ್ದುಕೊಂಡು ಬರುತ್ತದೆ. ಕಪ್ಪೆಗೆ ನೇರವಾಗಿ ಪಾಲೋಮಾರ್ ಗಂಟು: ದಾರ ಮಡಿಚಿ ಗಾಳದ ಕಿವಿಯಲ್ಲಿ ತೂರಿಸಿ, ಸಾದಾ ಗಂಟು ಹಾಕಿ, ಕುಣಿಕೆಯನ್ನು ಕಪ್ಪೆಯ ಮೇಲಿಂದ ದಾಟಿಸಿ, ಒದ್ದೆ ಮಾಡಿ ಬಿಗಿಯುವುದು. ಒಣಗಿದಂತೆಯೇ ಬಿಗಿದರೆ ದಾರ ಬಿಸಿಯಾಗಿ ಗಂಟು ಸೋಲುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಅರ್ಧ ಮೀಟರನ್ನು ಬೆರಳಲ್ಲಿ ಸವರಿ ನೋಡಬೇಕು. ಕೊರವದ ಹಲ್ಲು ತಾಗಿ ನೂಲು ಎದ್ದಿದ್ದರೆ ಅಷ್ಟನ್ನೂ ಕತ್ತರಿಸಿ ಹೊಸ ಗಂಟು.

ಕಪ್ಪೆ 5ರಿಂದ 6 ಸೆಂಟಿಮೀಟರ್, 10ರಿಂದ 13 ಗ್ರಾಂ, ಕಂದು ಒಂದು, ಕಪ್ಪು ಒಂದು. ಪೆಟ್ಟಿಗೆಯಿಂದ ತೆಗೆದ ಕಪ್ಪೆಯನ್ನು ಹಾಗೇ ಎಸೆಯುವುದು ತಪ್ಪು. ಜೋಡಿ ಗಾಳದ ಮೊನೆಗಳು ಬೆನ್ನಿಗೆ ಅಂಟಿಕೊಂಡಿರುತ್ತವೆ, ಇಕ್ಕಳದಲ್ಲಿ ಹಿಡಿದು ಒಂದೆರಡು ಮಿಲಿಮೀಟರ್ ಹೊರಕ್ಕೆ ಬಗ್ಗಿಸಬೇಕು. ಜಾಸ್ತಿ ಬಗ್ಗಿಸಿದರೆ ಪ್ರತಿ ಎಸೆತಕ್ಕೂ ಜೊಂಡು ಸಿಕ್ಕಿಕೊಳ್ಳುತ್ತದೆ. ಮೊನೆಯ ಹಿಂದಿನ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದರೆ ಮೀನನ್ನು ಹೆಚ್ಚು ಗಾಯವಿಲ್ಲದೆ ಬಿಡಬಹುದು. ಹಿಂದಿನ ರಬ್ಬರ್ ಎಳೆಗಳು ಉದ್ದವಿದ್ದರೆ ಮೀನು ಎಳೆಯನ್ನೇ ಕಚ್ಚಿ ಬಿಡುತ್ತದೆ, ಒಂದು ಕಡೆ ಎರಡು ಸೆಂಟಿಮೀಟರ್ ಗಿಡ್ಡ ಮಾಡಬೇಕು, ಆಗ ಕಪ್ಪೆ ಸೊಟ್ಟಗೂ ನಡೆಯುತ್ತದೆ. ಗಾಳದ ಕಡ್ಡಿ ಹೊಟ್ಟೆಗೆ ಹೋಗುವ ತೂತಿನಿಂದ ನೀರು ನುಗ್ಗುತ್ತದೆ, ಅಲ್ಲಿ ಒಂದು ಹನಿ ಸಿಲಿಕೋನ್ ಅಂಟು ಹಚ್ಚಿ ರಾತ್ರಿಯೆಲ್ಲ ಒಣಗಿಸಬೇಕು. ಆದರೂ ಹತ್ತು ಎಸೆತಕ್ಕೊಮ್ಮೆ ಹಿಂಡಿ ನೋಡುವುದು ಒಳ್ಳೆಯದು. ನೀರು ತುಂಬಿದ ಕಪ್ಪೆ ಹಿಂಬದಿ ಮುಳುಗಿಸಿಕೊಂಡು ತೇಲುತ್ತದೆ, ಮೀನು ಬಾಯಲ್ಲಿ ಒತ್ತಿದಾಗ ಒಳಗಿನ ನೀರು ಬೇಗ ಹೊರಡದೆ ರಬ್ಬರ್ ಗಟ್ಟಿಯಾಗಿ ಉಳಿಯುತ್ತದೆ, ಮೊನೆ ಹೊರಗೇ ಬರುವುದಿಲ್ಲ.

ಮಾರ್ಚಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವಕ್ಕೇ ಹುಟ್ಟುತ್ತಾನೆ. ಅದಕ್ಕೆ ದಕ್ಷಿಣದ ದಡವನ್ನು ಪಶ್ಚಿಮದ ತುದಿಯಿಂದ ಶುರು ಮಾಡಿ ಸೂರ್ಯನಿಗೆ ಮುಖ ಮಾಡಿ ನಡೆದೆವು: ನೆರಳು ಬೆನ್ನ ಹಿಂದೆ ನೆಲದ ಮೇಲೆ ಬೀಳುತ್ತದೆ, ನೀರಿನ ಮೇಲಲ್ಲ. ದಡದ ಅಂಚಿಗೆ ಹೋಗದೆ ಎರಡು ಮೀಟರ್ ಹಿಂದೆಯೇ ನಿಲ್ಲುವುದು. ಮೊದಲ ಎಸೆತ ದೂರದ ನೀರಿಗಲ್ಲ, ಕಾಲಬುಡದ ಅಂಚಿಗೆ ಸಮಾಂತರವಾಗಿ. ಕೊರವ ಬಹಳ ಸಲ ದಡದಿಂದ ಒಂದಡಿ ಒಳಗೇ ಇರುತ್ತದೆ. ಗಮ್‌ಬೂಟು ಇಲ್ಲದೆ ಈ ಹುಲ್ಲಿನಲ್ಲಿ ನಡೆಯಬಾರದು, ಏರಿ ಹುಲ್ಲು ಕೊಳಕುಮಂಡಲಕ್ಕೂ ಇಷ್ಟದ ಜಾಗ. ನೀರಿನಲ್ಲಿ ತಲೆಯೆತ್ತಿ ಹೋಗುತ್ತಿದ್ದದ್ದು ನೀರೊಳ್ಳೆ, ವಿಷವಿಲ್ಲದ್ದು.

ಕಪ್ಪೆಯನ್ನು ಅಂತರಗಂಗೆಯ ಮೇಲೆ ಬೀಳಿಸಿ, ಮೆಲ್ಲಗೆ ಎಳೆದು ಅಂಚಿನಿಂದ ನೀರಿಗೆ ಜಾರಿಸಿ, ಅಲ್ಲಿ ನಿಲ್ಲಿಸುವುದು. ಮೂರು ಎಣಿಸಿ ರಾಡ್ ತುದಿಯನ್ನು ಎರಡು ಸಲ ಮಿಡುಕಿಸುವುದು. ಮತ್ತೆ ನಿಲ್ಲಿಸುವುದು. ಉಸಿರಿನ ಸುಳಿ ಕಂಡರೆ ಅದರ ಮೇಲೇ ಎಸೆಯಬಾರದು. ಒಂದೂವರೆ ಮೀಟರ್ ಆಚೆ ಎಸೆದು ಸುಳಿಯ ಮೇಲೆ ಹಾಯಿಸಬೇಕು.

ಆರೂಕಾಲರಿಂದ ಒಂಬತ್ತರವರೆಗೆ 14 ಮೀನು ಬಾಯಿ ಹಾಕಿದವು, 6 ದಡಕ್ಕೆ ಬಂದವು. ತಪ್ಪಿದ ಎಂಟರ ಕಾರಣ ಬರೆದಿಟ್ಟೆವು, ಬಂದ ಆರಕ್ಕಿಂತ ಅದೇ ಹೆಚ್ಚು ಕಲಿಸುತ್ತದೆ. ಮೂರು ಸಲ ಬೇಗ ಜಗ್ಗಿದ್ದು. ಬಾಸ್ ನೀರಿನೊಂದಿಗೆ ಕಪ್ಪೆಯನ್ನು ಹೀರಿಕೊಳ್ಳುತ್ತದೆ. ಕೊರವ ಹೆಚ್ಚಾಗಿ ಕಚ್ಚಿ ಹಿಡಿದು, ತಿರುಗಿ ಕೆಳಗೆ ಹೋಗಿ, ಆಮೇಲೆ ನುಂಗಲು ನೋಡುತ್ತದೆ. ನೀರು ಸಿಡಿದ ಸದ್ದಿಗೆ ಕೈ ತಾನಾಗಿ ಎದ್ದುಬಿಡುತ್ತದೆ, ಕಪ್ಪೆ ಮುಖಕ್ಕೆ ಬಂದು ಬೀಳುತ್ತದೆ. ರಾಡ್ ಇಳಿಸಿ, ದಾರದ ಸಡಿಲ ಸುತ್ತಿ, ಮೀನಿನ ತೂಕ ಕೈಗೆ ತಿಳಿದ ಮೇಲೆ ಒಂದೇ ಬಾರಿಗೆ ಬಲವಾಗಿ ಮೇಲಕ್ಕೆ ಎಳೆಯಬೇಕು. ಅದು ಒಂದರಿಂದ ಎರಡು ಸೆಕೆಂಡಿನ ಕೆಲಸ. ಎರಡು ಸಲ ಮೀನು ಅಂತರಗಂಗೆಯ ಕೆಳಗಿನಿಂದ ಗುದ್ದಿ, ಗಿಡದ ಸಮೇತ ಕಪ್ಪೆಯನ್ನು ಎಬ್ಬಿಸಿತು, ಬಾಯಿಗೆ ಸಿಕ್ಕಿರಲಿಲ್ಲ. ಉಳಿದ ಮೂರು ಸಲ ರಬ್ಬರ್ ಎಳೆಯ ಮೇಲೆ ಮಾತ್ರ ಹಲ್ಲಿನ ಗುರುತು: ಸಣ್ಣ ಮೀನು.

ದಡಕ್ಕೆ ಬಂದ ಆರರಲ್ಲಿ ಐದು 29ರಿಂದ 38 ಸೆಂಟಿಮೀಟರ್, ಒಂದು 47. ಆ 47ರದ್ದು 810 ಗ್ರಾಂ ತೂಗಿತು. ಆ ಉದ್ದಕ್ಕೆ ಒಂದು ಕಿಲೋ ಹತ್ತಿರ ಇರಬೇಕಿತ್ತು. ತಲೆ ದೊಡ್ಡದು, ಬೆನ್ನು ಬಡಕಲು, ಹೊಟ್ಟೆ ಒಳಕ್ಕೆ. ಸಣ್ಣವೂ ಹಾಗೆಯೇ. ಹಳೆಯ ಹೊಂಡ ಎಂದರೆ ದೊಡ್ಡ ಮೀನು ತುಂಬಿರುತ್ತವೆ ಎಂಬ ನಂಬಿಕೆ ಇಲ್ಲಿ ಒಂದೇ ಬೆಳಿಗ್ಗೆಯಲ್ಲಿ ಮುರಿಯಿತು. ಈ ಹೊಂಡದಲ್ಲಿ ಕೊರವ ಬಹಳ ಇವೆ, ಹೊಟ್ಟೆಗೆ ಸಾಲದೆ ಇವೆ.

ಇಲ್ಲಿ ಒಂದು ತಪ್ಪು ಆಯಿತು. ಅಳತೆ ಮುಗಿಯುವವರೆಗೆ ಇರಲಿ ಎಂದು ಒಂದು ಮೀನನ್ನು ಬಲೆಚೀಲದಲ್ಲಿ ಹಾಕಿ ಪಂಪುಮನೆಯ ಮೆಟ್ಟಿಲಿಗೆ ಕಟ್ಟಿದ್ದೆವು. ಚೀಲ ಜಾರಿ ಪೂರ್ತಿ ಮುಳುಗಿತು. ಒಂದು ಗಂಟೆ ಬಿಟ್ಟು ಎತ್ತಿದಾಗ ಮೀನು ಸತ್ತಿತ್ತು. ನೀರಿನಲ್ಲೇ ಇದ್ದ ಮೀನು ಉಸಿರುಗಟ್ಟಿ ಸತ್ತದ್ದು. ಕೊರವದ ಕಿವಿರು ಅದರ ಉಸಿರಿಗೆ ಸಾಲದು, ಮೇಲೆ ಬಂದು ಗಾಳಿ ಗುಟುಕಿಸದಿದ್ದರೆ ಸಾಯುತ್ತದೆ. ಮಾರುಕಟ್ಟೆಯಲ್ಲಿ ನಾಲ್ಕು ಬೆರಳು ನೀರಿನ ತೊಟ್ಟಿಯಲ್ಲಿ ಕೊರವ ದಿನಗಟ್ಟಲೆ ಬದುಕುವುದೂ, ತುಂಬಿದ ಹೊಂಡದಲ್ಲಿ ಮುಳುಗಿದ ಚೀಲದಲ್ಲಿ ಸಾಯುವುದೂ ಒಂದೇ ಕಾರಣಕ್ಕೆ. ಇಟ್ಟುಕೊಳ್ಳುವುದಾದರೆ ಅಗಲ ಬಕೆಟ್, ಮೀನು ಮುಳುಗುವಷ್ಟೇ ನೀರು, ಮೇಲೆ ಬಿಗಿಯಾಗಿ ಒದ್ದೆ ಗೋಣಿ. ಬಿಗಿಯಾಗಿ ಕಟ್ಟದಿದ್ದರೆ ಹಾರಿ ಆಚೆ ಹೋಗುತ್ತದೆ.

ಸಂಜೆ ಅದೇ 2, 3, 4ರಲ್ಲಿ 5 ಸಲ ಬಾಯಿ, 3 ಮೀನು: 32, 36, 41.

ಶನಿವಾರ

ಬೆಳಿಗ್ಗೆ ಮತ್ತೆ ಅದೇ ಮೂರು ಭಾಗ, ಅದೇ ಕಂದು ಕಪ್ಪೆ. ಎರಡು ಗಂಟೆಯಲ್ಲಿ ನಾಲ್ಕು ಸಲ ಮೀನು ಹಿಂದೆ ಬಂತು, ನೀರು ಉಬ್ಬಿದ್ದು ಕಾಣುತ್ತಿತ್ತು, ಹತ್ತಿರ ಬಂದು ನಿಂತು ತಿರುಗಿಹೋಯಿತು. ಹಿಡಿದದ್ದು ಒಂದೇ. ಒಂದು ದಿನಕ್ಕೆ ಇಷ್ಟು ವ್ಯತ್ಯಾಸ. ಕಪ್ಪೆ ಬದಲಿಸಿ, 10 ಸೆಂಟಿಮೀಟರಿನ ಮೆತ್ತನೆಯ ರಬ್ಬರ್ ಹುಳುವನ್ನು 3/0 ಅಳತೆಯ ಅಗಲ ಬಾಗಿನ ಗಾಳಕ್ಕೆ ಮೊನೆ ಒಳಗೆ ಅಡಗುವಂತೆ ಪೋಣಿಸಿ, ಸೀಸವಿಲ್ಲದೆ ನೈದಿಲೆ ಎಲೆಗಳ ಸಂದಿಗೆ ಇಳಿಬಿಟ್ಟಾಗ ಇನ್ನು ಮೂರು ಬಂದವು. ನಾಲ್ಕೂ 40ಕ್ಕಿಂತ ಕೆಳಗೆ. ಗಾಳ ಕಂಡ ಮೀನಿಗೆ ಸದ್ದು ಮಾಡುವ ವಸ್ತು ಬೇಡ, ಸುಮ್ಮನೆ ಇಳಿಯುವ ವಸ್ತು ಬೇಕು.

ಕೊರವ ಏಕೆ ಬಡಕಲಾಗಿದೆ ಎಂಬುದಕ್ಕೆ ಉತ್ತರ ಹತ್ತು ಗಂಟೆಯ ಮೇಲೆ ಸಿಕ್ಕಿತು. 12ನೇ ನಂಬರಿನ ಸಣ್ಣ ಗಾಳ, ನವಿಲುಗರಿಯ ಕಡ್ಡಿಯ ಬೆಂಡು, ಅರ್ಧ ಎರೆಹುಳು. ಎರಡು ಗಂಟೆಯಲ್ಲಿ 43 ಜಿಲೇಬಿ. 9ರಿಂದ 13 ಸೆಂಟಿಮೀಟರ್, ಎರಡು ಮಾತ್ರ 15 ದಾಟಿದವು. ಇದು 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಮೀನು. ಹೆಣ್ಣು ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಅಂಗೈ ಉದ್ದವೂ ಇಲ್ಲದ ಒಂದು ಹೆಣ್ಣನ್ನು ಎತ್ತಿದಾಗ ಬಾಯಿಂದ ಹಳದಿ ಮೊಟ್ಟೆಗಳು ಸಾಸಿವೆಯಂತೆ ಬೊಗಸೆಗೆ ಸುರಿದವು. ಬೆಳೆಯಲು ಮೇವಿಲ್ಲದೆ, ಇದ್ದ ಗಾತ್ರದಲ್ಲೇ ಮರಿ ಹಾಕುತ್ತಿವೆ.

ಹಾಗಾದರೆ ಇಷ್ಟು ಜಿಲೇಬಿ ಇರುವಾಗ ಕೊರವಕ್ಕೆ ಹಸಿವೇಕೆ? ಹೊಂಡದ ಅರ್ಧದಷ್ಟು ಜೊಂಡು, ನೈದಿಲೆ, ಅಂತರಗಂಗೆ ತುಂಬಿದೆ. ಸಣ್ಣ ಜಿಲೇಬಿ ಆ ದಟ್ಟಣೆಯೊಳಗೆ ನುಗ್ಗಿ ಕೂರುತ್ತದೆ, 40 ಸೆಂಟಿಮೀಟರಿನ ಕೊರವ ಅಲ್ಲಿ ತಿರುಗಲಾರದು. ಮರೆ ಸ್ವಲ್ಪ ಇದ್ದರೆ ಬೇಟೆಗಾರನಿಗೆ ಅನುಕೂಲ, ಮಿತಿಮೀರಿದರೆ ಬೇಟೆಗೆ ಅನುಕೂಲ. ಅದಕ್ಕೇ ಜಿಲೇಬಿ ಮಿತಿಯಿಲ್ಲದೆ ಹೆಚ್ಚಿ ಕುಳ್ಳಾಗಿದೆ, ಕೊರವ ಹೊಟ್ಟೆಗಿಲ್ಲದೆ ಬಡಕಲಾಗಿದೆ. ಎರಡೂ ಒಂದೇ ಕಾಯಿಲೆಯ ಎರಡು ಗುರುತು.

ಮಧ್ಯಾಹ್ನ ಏರಿ ಕಡೆ ಗೆಂಡೆಗೆ ಉಂಡೆ. ಕಡಲೆಹಿಂಡಿ ಪುಡಿ ಅರ್ಧ ಕಿಲೋ, ಅಕ್ಕಿ ತೌಡು ಅರ್ಧ ಕಿಲೋ, ರಾಗಿ ಹಿಟ್ಟು 200 ಗ್ರಾಂ, ಬೆಲ್ಲ 100 ಗ್ರಾಂ. ನೀರು ಚಿಮುಕಿಸುತ್ತ ಕಲಸಿ ಅರ್ಧ ಗಂಟೆ ಮುಚ್ಚಿಟ್ಟರೆ ಹದ ಬರುತ್ತದೆ. ನಿಂಬೆಹಣ್ಣಿನ ಗಾತ್ರದ ಆರು ಉಂಡೆ ಮೊದಲು ಮೇವಿಗೆಂದು ಒಂದೇ ಜಾಗಕ್ಕೆ ಹಾಕಿದೆವು. ನೀರಿಗೆ ಬಿದ್ದು ಹತ್ತು ನಿಮಿಷಕ್ಕೆ ಕರಗಬೇಕು. ಬಿದ್ದ ತಕ್ಷಣ ಒಡೆದರೆ ರಾಗಿ ಕಡಿಮೆ, ಕಲ್ಲಿನಂತೆ ಕೂತರೆ ಜಾಸ್ತಿ. ಗೆಂಡೆ ತಳದ ಮೀನು, ಗಾಳ ತಳ ಮುಟ್ಟಿರಬೇಕು. ಕಾಟ್ಲಾ ಮೇಲ್ನೀರಿನದು, ಅದಕ್ಕೆ ಬೆಂಡಿನಿಂದ ಒಂದು ಮೀಟರ್ ಕೆಳಗೆ. ಗೆಂಡೆ ಎರಡು ಬಂದವು, ದೊಡ್ಡದು 2.6 ಕಿಲೋ. ಕಾಟ್ಲಾ ಬರಲಿಲ್ಲ, ಪುಸ್ತಕದಲ್ಲಿ 'ಕಂಡದ್ದು 3' ಎಂದಷ್ಟೇ ಬರೆದೆವು. ಒಂದು ಬಾರಿ ಬೆಂಡು ನಿಧಾನ ಪಕ್ಕಕ್ಕೆ ಸರಿದು, ಎಳೆದಾಗ ಮೇಲೆ ಬಂದದ್ದು ಆಮೆ. ಮೆತ್ತನೆ ಚಿಪ್ಪಿನ ಈ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮುಳ್ಳು ಚಪ್ಪಟೆ ಮಾಡಿದ ಗಾಳವಾದ್ದರಿಂದ ತುಟಿಯಿಂದ ಸುಲಭವಾಗಿ ಬಿಡಿಸಿ ಅಲ್ಲೇ ಬಿಟ್ಟೆವು.

ಆಫ್ರಿಕನ್ ಕ್ಯಾಟ್‌ಫಿಶ್ ಒಂದೂ ಇಲ್ಲದ್ದು ಈ ಹೊಂಡದ ಪುಣ್ಯ. ಆ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಅದು ಇದ್ದಿದ್ದರೆ ಕೋಡಿ ಬಿದ್ದ ಪ್ರತಿ ಮಳೆಗೂ ಹಳ್ಳಕ್ಕೆ ಇಳಿಯುತ್ತಿತ್ತು.

ಭಾನುವಾರ

ಮುಟ್ಟದೆ ಉಳಿಸಿದ್ದ 5, 6, 7. ಅದೇ ಕಂದು ಕಪ್ಪೆ. 11 ಸಲ ಬಾಯಿ, 7 ಮೀನು. ಶನಿವಾರ ಕಡೆಗಣಿಸಿದ ಅದೇ ಕಪ್ಪೆಗೆ ಭಾನುವಾರ ನೂರು ಮೀಟರ್ ಆಚೆ ಮೀನು ನುಗ್ಗಿ ಬಂದವು. ಗುರುವಾರ ಕೈ ಕಟ್ಟಿ ಕೂತದ್ದಕ್ಕೆ, ಜಾಗ ಹಂಚಿಕೊಂಡದ್ದಕ್ಕೆ ಸಿಕ್ಕ ಫಲ ಇದು.

ಏಳರಲ್ಲಿ ಐದು 40ರ ಒಳಗೆ, ಒಂದು 44. ಏಳನೆಯದು ಜಾಲಿಮರದಿಂದ ಬಂತು. ಮರದ ಕೊಂಬೆಗಳು ನೀರೊಳಗೆ ಹರಡಿರುವುದರಿಂದ ಅಡ್ಡ ಎಸೆದರೆ ಮೀನು ಸಿಕ್ಕರೂ ಕೊಂಬೆ ಸುತ್ತಿ ದಾರ ಕಡಿಯುತ್ತದೆ. ಕೊಂಬೆಗಳ ತುದಿಯ ಕಡೆ ನಿಂತು ಬುಡದ ಕಡೆಗೆ ಎಸೆಯಬೇಕು, ಆಗ ಎಳೆದ ಮೀನು ಕೊಂಬೆಗಳ ಉದ್ದಕ್ಕೆ ಜಾರಿ ಬರುತ್ತದೆ. ಎರಡು ಕೊಂಬೆಗಳ ನಡುವಿನ ಬಾಗಿಲಗಲದ ನೀರಿನಲ್ಲಿ ಕಪ್ಪೆ ನಿಂತಿತ್ತು, ಅಲುಗಿಸಿರಲೂ ಇಲ್ಲ. ಸಿಡಿತ ಇರಲಿಲ್ಲ. ನೀರಿಗೆ ಒಂದು ಗುಳಿ ಬಿತ್ತು, ಕಪ್ಪೆ ಇರಲಿಲ್ಲ. ದೊಡ್ಡ ಕೊರವ ಸದ್ದು ಮಾಡದೆ ತೆಗೆದುಕೊಳ್ಳುವುದೇ ಹೆಚ್ಚು. ಎಳೆದು ಚುಚ್ಚಿದ ಮೇಲೆ ಮೊದಲ ಐದು ಸೆಕೆಂಡು ದಾರ ಬಿಡಬಾರದು, ರೀಲಿನ ಬಿಗಿ ಪೂರ್ತಿ ಇರಬೇಕು, ತಲೆಯನ್ನು ಮೇಲೆತ್ತಿಸಿ ಹೊರಗೆ ತರಬೇಕು. 58 ಸೆಂಟಿಮೀಟರ್, 1.9 ಕಿಲೋ. ತುಂಬಿದ ಬೆನ್ನು, ಹೊಟ್ಟೆಯ ಮೇಲೆ ಬಿಳಿಬೂದು ಪಟ್ಟೆಗಳು ಹೊಳೆಯುತ್ತಿದ್ದವು. ಜಾಲಿಮರದ ಸುತ್ತ ತೆರವಾದ ನೀರಿದೆ, ಅಲ್ಲಿ ಜಿಲೇಬಿ ಹಿಡಿಯಲು ಸಾಧ್ಯ. ಹೊಂಡದ ಕಾಯಿಲೆಗೆ ಮದ್ದು ಏನೆಂದು ಆ ಒಂದು ಮೀನಿನ ಮೈಯಲ್ಲೇ ಬರೆದಿತ್ತು. ಒದ್ದೆ ಕೈಯಲ್ಲಿ ಹಿಡಿದು, ಒದ್ದೆ ಗೋಣಿಯ ಮೇಲೆ ಅಳೆದು, ಅದೇ ಮರದ ಬುಡಕ್ಕೆ ಬಿಟ್ಟೆವು.

ಒಟ್ಟು 20 ಕೊರವ, 16 ನಲವತ್ತರ ಒಳಗೆ. ಸಣ್ಣವುಗಳಲ್ಲಿ 12 ಬಿಡದೆ ತೋಟದ ಮನೆಗಳಿಗೆ ಕೊಟ್ಟೆವು. ಹೀಗೆ ಕಿಕ್ಕಿರಿದ ಹೊಂಡದಲ್ಲಿ ಸಣ್ಣ ಮೀನನ್ನೂ ಬಿಟ್ಟುಬಿಡುವುದು ಉಪಕಾರವಲ್ಲ. ಕೊರವದ ಲೋಳೆಗೆ ನೀರು ಸಾಲದು, ಅಜ್ಜನ ಮನೆಯಲ್ಲಿ ಒಲೆಬೂದಿ ಸವರಿ ಒರಟು ಕಲ್ಲಿನ ಮೇಲೆ ಉಜ್ಜಿದರು, ಹುರುಪೆಯೂ ಅದರೊಂದಿಗೆ ಬಂತು. ಹುಣಸೆಹುಳಿ ಸಾರು, ಮುದ್ದೆ. ಮುಳ್ಳು ಕಡಿಮೆಯ ಮೀನಾದ್ದರಿಂದ ಮಕ್ಕಳಿಗೂ ಕೊಡಬಹುದು.

ಮಾಲೀಕರಿಗೆ ಬರೆದುಕೊಟ್ಟದ್ದು ಹೀಗೆ. ಗಿಡವನ್ನು ಮಳೆಗೆ ಮೊದಲು ಕೈಯಿಂದ ಕೀಳಿಸಿ, ಪಟ್ಟೆ ಪಟ್ಟೆಯಾಗಿ, ವಾರಕ್ಕೊಂದು ಪಟ್ಟೆ. ದಡದಿಂದ ಆಳಕ್ಕೆ ದಾರಿ ತೆರೆಯುವಂತೆ. ಈಗಿರುವುದರಲ್ಲಿ ಮೂರನೇ ಒಂದು ಭಾಗ ಉಳಿಯಲಿ. ಔಷಧಿ ಹೊಡೆಸಬೇಡಿ: ಇಷ್ಟು ಗಿಡ ಒಂದೇ ಸಲ ಸತ್ತು ಕೊಳೆತರೆ ಆಮ್ಲಜನಕ ಕುಸಿದು, ಬೆಳಗಿನ ಜಾವ ಬಾಯಿ ತೆರೆಯುವ ಆ ಮೂರು ಕಾಟ್ಲಾಗಳೇ ಮೊದಲು ಹೋಗುತ್ತವೆ. ಕಿತ್ತ ಗಿಡವನ್ನು ದಡದಲ್ಲಿ ರಾಶಿ ಹಾಕದೆ ತೆಂಗಿನ ಬುಡಕ್ಕೆ ಸಾಗಿಸಿ. ಜಿಲೇಬಿಯನ್ನು ಬೀಸುಬಲೆಯಲ್ಲಿ ಎಷ್ಟಾದರೂ ತೆಗೆಯಿರಿ. 50 ಸೆಂಟಿಮೀಟರ್ ದಾಟಿದ ಕೊರವ ತೆಗೆಯಬೇಡಿ, ಜಿಲೇಬಿಯನ್ನು ಹದ್ದುಬಸ್ತಿನಲ್ಲಿಡುವವು ಅವೇ. ಜಾಲಿಮರ ಹಾಗೇ ಇರಲಿ. ಜೂನ್‌ನಿಂದ ಮಳೆ ನಿಲ್ಲುವವರೆಗೆ ಗಾಳ ಬೇಡ.

ಎಂಟು ಭಾಗದ ನಕ್ಷೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಂಪುಮನೆಯ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ಮೊಳೆಗೆ ಸಿಕ್ಕಿಸಿದೆವು. ಮುಂದಿನ ಮಾರ್ಚಿಗೆ ಅದೇ ಗುರುತು, ಅದೇ ಹೊತ್ತು, ಅದೇ ಕಪ್ಪೆ. ಅಜ್ಜ ನಕ್ಷೆ ನೋಡಿ, 4 ಎಂದು ಬರೆದಿದ್ದ ಕಡೆ ಬೆರಳಿಟ್ಟು, "ಮೊದ್ಲ ಪಟ್ಟೆ ಇಲ್ಲಿಂದ ಕೀಳ್ಸ್ತೀನಿ ಬಿಡಿ, ಸೋಮವಾರ ಆಳು ಬತ್ತವ್ರೆ" ಅಂದರು.